ತಂತಿ: ಎಳೆದದ್ದು, ತೆಳುವಾದದ್ದು

ಕೇರಳದಲ್ಲಿ ‘ತಂತ್ರಿ’ ಎಂದರೆ ದೇವಸ್ಥಾನದ ಪೂಜಾವಿಧಿಗಳ ಆಚಾರ್ಯರು. ನಮ್ಮ ‘ತಂತಿ’ ಬಂದದ್ದು ಸಂಸ್ಕೃತದ ಇನ್ನೊಂದು ‘ತಂತ್ರೀ’ಯಿಂದ, ಅದು ವೀಣೆಯದು. ಎರಡರ ಬುಡದಲ್ಲೂ ಇರುವುದು ‘ತನ್’ ಎಂಬ ಒಂದೇ ಧಾತು. ಎಳೆ, ಚಾಚು, ಹರಡು ಎಂದು ಅದರ ಅರ್ಥ. ಮಗ್ಗಕ್ಕೆ ಎಳೆದು ಕಟ್ಟಿದ ಹಾಸು ‘ತಂತ್ರ’, ನೂಲು ‘ತಂತು’, ತೆಳುವಾದದ್ದು ‘ತನು’. ತಂತಿಯ ಹೆಸರಿನಲ್ಲಿ ಲೋಹವೂ ಇಲ್ಲ, ವಿದ್ಯುತ್ತೂ ಇಲ್ಲ. ಎಳೆತ ಮಾತ್ರ ಇದೆ.

ಮಲಯಾಳಂ ಬೇರೆ ದಾರಿ ಹಿಡಿಯಿತು. ಅಲ್ಲಿ ತಂತಿಯೂ ‘ಕಂಬಿ’, ಟೆಲಿಗ್ರಾಮೂ ‘ಕಂಬಿ’. ವೈರ್‌ಲೆಸ್ಸಿಗೆ ‘ಕಂಬಿಯಿಲ್ಲಾಕ್ಕಂಬಿ’ ಎಂಬ ಸೊಗಸಾದ ಹೆಸರೂ ಹುಟ್ಟಿತು. ಕನ್ನಡದ ಕಂಬಿ ಮಾತ್ರ ಕಿಟಕಿ, ರೈಲು, ಜೈಲುಗಳಲ್ಲೇ ಗಟ್ಟಿಯಾಗಿ ಉಳಿಯಿತು. ಸುದ್ದಿ ಹೊರುವ ಕೆಲಸ ನಮ್ಮಲ್ಲಿ ತಂತಿಗೇ ಬಂತು. ‘ತಂತಿ ಬಂತು’ ಎಂದರೆ ಮನೆಮಂದಿಯ ಎದೆ ಹಾರುತ್ತಿತ್ತು. 2013ರ ಜುಲೈಯಲ್ಲಿ ಟೆಲಿಗ್ರಾಂ ಸೇವೆ ನಿಂತಾಗ ಆ ಅರ್ಥವೂ ನಿಂತಿತು.

ಅಷ್ಟರಲ್ಲಿ ತಂತಿ ವಿದ್ಯುತ್ತಿನ ಮನೆ ಸೇರಿ ನೂರು ವರ್ಷ ದಾಟಿತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳವರೆಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದರು. ಅಷ್ಟು ದೂರಕ್ಕೆ ಹೈ ಟೆನ್ಷನ್ನೇ ಬೇಕು: ವೋಲ್ಟೇಜ್ ಏರಿಸಿದರೆ ಕರೆಂಟು ಇಳಿಯುತ್ತದೆ, ದಾರಿಯ ನಷ್ಟವೂ ಇಳಿಯುತ್ತದೆ. ಲ್ಯಾಟಿನ್ ಮೂಲದ ಈ ‘ಟೆನ್ಷನ್’ ನಮ್ಮ ‘ತನ್’ನ ದಾಯಾದಿ. ಕಂಬದ ಮೇಲೆ ಅಣ್ಣತಮ್ಮಂದಿರ ಭೇಟಿಯಾಯಿತು. ಮನೆಯೊಳಗೆ ಮಾತ್ರ ಪ್ಲಾಸ್ಟಿಕ್ ಹೊದ್ದದ್ದು ‘ವೈರು’. ಬೇಲಿಯಲ್ಲಿ, ಕಂಬದಲ್ಲಿ ಬರಿಮೈಯಲ್ಲಿರುವುದು ‘ತಂತಿ’.

ವೈರು ಎಂದರೂ ಧಾತುವಿನ ಗುಣ ಬಿಡುವುದಿಲ್ಲ. ಉದ್ದವಾದಷ್ಟೂ, ತೆಳುವಾದಷ್ಟೂ ರೋಧ ಹೆಚ್ಚು. 12 ವೋಲ್ಟಿನ ಪವರ್ ಸಪ್ಲೈಯಿಂದ ಐದು ಮೀಟರ್ ದೂರದ ಲೋಡಿಗೆ 10 ಆಂಪಿಯರ್ ಬೇಕೆನ್ನಿ. 1.5 ಚದರ ಮಿಲಿಮೀಟರಿನ ತಾಮ್ರದ ವೈರಿಗೆ ಕಿಲೋಮೀಟರಿಗೆ ಸುಮಾರು 12 ಓಂ ರೋಧ. ಹೋಗಿ ಬರುವ ಹತ್ತು ಮೀಟರಿನಲ್ಲಿ 1.2 ವೋಲ್ಟ್ ಕರಗುತ್ತದೆ. ಹತ್ತರಲ್ಲೊಂದು ಪಾಲು ವೈರನ್ನು ಬಿಸಿಮಾಡಲಿಕ್ಕೇ ಹೋಯಿತು. 4 ಚದರ ಮಿಲಿಮೀಟರಿನದಾದರೆ ನಷ್ಟ ಸುಮಾರು ಅರ್ಧ ವೋಲ್ಟ್. ಮನೆಯ 230 ವೋಲ್ಟಿನಲ್ಲಿ ಗಮನಕ್ಕೇ ಬಾರದ ನಷ್ಟ 12 ವೋಲ್ಟಿನಲ್ಲಿ ದೀಪವನ್ನೇ ಮಂಕಾಗಿಸುತ್ತದೆ. ಆದ್ದರಿಂದ ಸಪ್ಲೈಯನ್ನು ಲೋಡಿನ ಹತ್ತಿರ ಇಡಬೇಕು, ವೈರನ್ನು ದಪ್ಪದ್ದೇ ತರಬೇಕು. ಲೋಡು ಹಲವಿದ್ದರೆ ಒಂದರಿಂದೊಂದಕ್ಕೆ ಕೊಂಡಿ ಹಾಕದೆ ಪ್ರತಿಯೊಂದಕ್ಕೂ ಸಪ್ಲೈಯಿಂದಲೇ ಬೇರೆ ಜೋಡಿ ಎಳೆಯುವುದು ಒಳ್ಳೆಯದು.

ಇನ್ನು ಜೋಡಣೆ. ಹಲವು ಎಳೆಗಳ ವೈರಿನ ತುದಿಯನ್ನು ಹಾಗೇ ಸ್ಕ್ರೂವಿನ ಕೆಳಗೆ ಸಿಕ್ಕಿಸಿದರೆ ನಾಲ್ಕೆಳೆ ಹೊರಗುಳಿಯುತ್ತವೆ. ಸೀಸ ಬೆಸೆದು ಸಿಕ್ಕಿಸಿದರೆ ಆ ಬೆಸುಗೆ ಒತ್ತಡಕ್ಕೆ ಮೆಲ್ಲನೆ ಜರುಗಿ ಬಿಗಿ ಸಡಿಲುತ್ತದೆ, ಸಂದು ಕಾಯುತ್ತದೆ. ತುದಿಗೆ ಲೋಹದ ಲಗ್ ತೊಡಿಸಿ ಒತ್ತಿ, ಪ್ಲಸ್ಸು ಮೈನಸ್ಸು ನೋಡಿ, ಸ್ಕ್ರೂ ಬಿಗಿಯಬೇಕು. ಕರೆಂಟು ಕೊಡುವ ಮೊದಲು ಪ್ರತಿ ವೈರನ್ನೂ ಒಮ್ಮೆ ಎಳೆದು ನೋಡಬೇಕು. ಕಿತ್ತು ಬಂದರೆ ಆಗಲೇ ಬರಲಿ.