ಗೈರುಹಾಜರಿ ಒಪ್ಪಿಗೆಯೇ? ಸಾಲದ ದಾವೆಗಳಲ್ಲಿ ಏಕಪಕ್ಷೀಯ ಡಿಕ್ರಿಯ ಚರಿತ್ರೆ

ಸಾಲ ವಸೂಲಿಯ ದಾವೆಯಲ್ಲಿ ಸಮನ್ಸ್ ಮುಟ್ಟಿದ ಪ್ರತಿವಾದಿ ಕೋರ್ಟಿಗೆ ಬಾರದಿದ್ದರೆ ಅವನು ಸಾಲವನ್ನು ಒಪ್ಪಿಕೊಂಡಂತೆಯೇ ಸರಿ ಎಂಬ ತಿಳಿವಳಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಸಾಮಾನ್ಯ ದಾವೆಯ ಮಟ್ಟಿಗೆ ಕಾನೂನಿನ ಪಠ್ಯದಲ್ಲಿ ಇದಕ್ಕೆ ಆಧಾರವಿಲ್ಲ. 1859ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 111ನೆಯ ಕಲಮು ಹೇಳಿದ್ದು ಇಷ್ಟು: ಸಮನ್ಸ್ ಕ್ರಮವಾಗಿ ಜಾರಿಯಾದದ್ದು ರುಜುವಾತಾಗಿ, ವಾದಿ ಮಾತ್ರ ಹಾಜರಿದ್ದರೆ, ಕೋರ್ಟು ದಾವೆಯನ್ನು ಏಕಪಕ್ಷೀಯವಾಗಿ ವಿಚಾರಿಸಬೇಕು. ವಿಚಾರಣೆಯನ್ನೇ ಕೈಬಿಡಬಹುದೆಂದು ಅದು ಹೇಳಲಿಲ್ಲ. ಆದರೂ ಗೈರುಹಾಜರಿಯನ್ನೇ ಒಪ್ಪಿಗೆಯೆಂದು ಎಣಿಸುವ ರೂಢಿ ಬೆಳೆಯಿತು. ಈ ರೂಢಿಯನ್ನು ಮುರಿಯಲು ನಡೆದ ಗಂಭೀರ ಪ್ರಯತ್ನ 1879ರದ್ದು. ಆಮೇಲಿನ ಕಾನೂನು ಅದರ ಮುಖ್ಯ ಪಾಠವನ್ನು ಅರ್ಧಕ್ಕೇ ಬಿಟ್ಟಿತು ಎಂಬುದು ನನ್ನ ವಾದ.

ರೂಢಿ ಬೆಳೆದದ್ದು ಹೇಗೆಂದು ಅರಿಯಲು ಮುಂಬಯಿ ಪ್ರಾಂತದ ದಖ್ಖನ್ ಜಿಲ್ಲೆಗಳನ್ನು ನೋಡಬೇಕು. 1859ರಲ್ಲೇ ಬಂದ ಕಾಲಮಿತಿ ಕಾಯ್ದೆ, ನೋಂದಣಿಯಾಗದ ಸಾಲಪತ್ರದ ಮೇಲೆ ದಾವೆ ಹೂಡಲು ಮೂರು ವರ್ಷಗಳ ಗಡುವು ಹಾಕಿತು. ಹಳೆಯ ಸಾಲಗಳ ಭಾರ ರೈತನ ಮೇಲೆ ಎಂದೆಂದಿಗೂ ಉಳಿಯಬಾರದೆಂಬುದು ಇದರ ಉದ್ದೇಶ. ನಡೆದದ್ದು ಬೇರೆ. ಗಡುವು ಹತ್ತಿರವಾದಂತೆ ಸಾಹುಕಾರ ಒಂದೋ ದಾವೆ ಹೂಡಬೇಕು, ಇಲ್ಲವೇ ಬಾಕಿ ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರ ಬರೆಸಿಕೊಳ್ಳಬೇಕು. ಎರಡು ಮೂರು ಸಲ ನವೀಕರಣವಾದ ಪತ್ರದಲ್ಲಿ ರೈತ ನಿಜವಾಗಿ ಪಡೆದ ಹಣವೆಷ್ಟು, ಬಡ್ಡಿಯ ಮೇಲಿನ ಬಡ್ಡಿ ಎಷ್ಟು ಎಂದು ತಿಳಿಯುವಂತಿರಲಿಲ್ಲ. ಕೋರ್ಟಿನ ಕೈಗೆ ಸಿಗುತ್ತಿದ್ದದ್ದು ಕೊನೆಯ ಪತ್ರವೊಂದೇ. ಅದರ ಮೇಲೆ ರೈತನ ಗುರುತು ಇದೆ, ರೈತ ಎದುರಿಗಿಲ್ಲ. ಬಂದಿದ್ದರೂ ‘ಗುರುತು ನನ್ನದೇ’ ಎನ್ನುವುದರ ಹೊರತು ಅವನು ಹೇಳಬಲ್ಲದ್ದು ಕಡಿಮೆ. ಕೋರ್ಟು ದೂರ, ಬಿತ್ತನೆಯ ದಿನ ಕಳೆದುಕೊಳ್ಳುವ ನಷ್ಟ ಬೇರೆ. ಅಂಥ ಕಡೆ ಮುನ್ಸೀಫನ ಏಕಪಕ್ಷೀಯ ವಿಚಾರಣೆ ಪತ್ರವನ್ನು ಓದಿ ಮೊತ್ತ ಬರೆಯುವುದಕ್ಕೆ ಇಳಿಯಿತು.

1875ರ ಮೇ 12ರಂದು ಪುಣೆ ಜಿಲ್ಲೆಯ ಸುಪಾದ ಸಂತೆಯಲ್ಲಿ ಶುರುವಾದ ಗಲಭೆಯಲ್ಲಿ ರೈತರು ಹುಡುಕಿ ಸುಟ್ಟದ್ದು ಸಾಲಪತ್ರಗಳನ್ನೂ ಡಿಕ್ರಿಗಳನ್ನೂ. ಜನರ ಮೇಲಿನ ಹಲ್ಲೆ ಕಡಿಮೆಯೇ. ಸರ್ಕಾರ ನೇಮಿಸಿದ ಆಯೋಗದ ವಿಚಾರಣೆಯ ಫಲವಾಗಿ ಬಂದ 1879ರ ದಖ್ಖನ್ ರೈತರ ಪರಿಹಾರ ಕಾಯ್ದೆ ಮೊದಲು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದ್‌ನಗರ ಜಿಲ್ಲೆಗಳಿಗೆ ಅನ್ವಯಿಸಿತು; ಮುಂದೆ ಅದರ ವ್ಯಾಪ್ತಿ ಬೆಳಗಾವಿ, ಧಾರವಾಡ, ವಿಜಾಪುರಗಳ ಕಡೆಗೂ ಹರಡಿತು. ಅದರ 7ನೆಯ ಕಲಮು ಪ್ರತಿವಾದಿಯನ್ನು ಸಾಕ್ಷಿಯಾಗಿ ವಿಚಾರಿಸುವ ಹೊಣೆಯನ್ನು ಕೋರ್ಟಿನ ಮೇಲೆ ಹೊರಿಸಿತು. ಅದು ಸ್ಪಷ್ಟವಾಗಿ ಅನಗತ್ಯವೆನಿಸಿದರೆ ಕಾರಣ ಬರೆದಿಡಬೇಕು. 12ನೆಯ ಕಲಮು ಇನ್ನೂ ಮುಂದೆ ಹೋಗಿ, ವ್ಯವಹಾರದ ಮೊದಲ ದಿನದಿಂದ ಸಾಲದ ಇತಿಹಾಸವನ್ನು ಕೆದಕಬೇಕೆಂದಿತು. ಸಾಲಗಾರ ಮೊತ್ತ ಒಪ್ಪಿಕೊಂಡರೂ, ತನ್ನ ಹಕ್ಕುಗಳನ್ನು ತಿಳಿದೇ ಒಪ್ಪಿದ್ದಾನೆಂದು ಕೋರ್ಟಿಗೆ ಮನವರಿಕೆಯಾಗಬೇಕಿತ್ತು. ಬಾಯಿಬಿಟ್ಟು ಒಪ್ಪಿದವನನ್ನೇ ಹೀಗೆ ಪರೀಕ್ಷಿಸಬೇಕೆಂದ ಕಾಯ್ದೆಯ ದೃಷ್ಟಿಯಲ್ಲಿ, ಬಾರದವನ ಮೌನಕ್ಕೆ ಒಪ್ಪಿಗೆಯ ಬೆಲೆ ಇರುವುದು ಹೇಗೆ?

ಇದಕ್ಕೆ ಆಕ್ಷೇಪಗಳಿವೆ. ಗಲಭೆಯ ಮಹತ್ವವನ್ನು ಅತಿಯಾಗಿ ಹೇಳಲಾಗಿದೆ ಎಂದು ಇತಿಹಾಸಕಾರ ನೀಲ್ ಚಾರ್ಲ್ಸ್‌ವರ್ತ್ 1972ರಲ್ಲಿ ವಾದಿಸಿದರು. ಗಲಭೆಯ ವ್ಯಾಪ್ತಿಯ ಬಗ್ಗೆ ಅವರ ಎಚ್ಚರಿಕೆ ಸರಿಯಿರಬಹುದು. ಆದರೆ ಕಾಯ್ದೆಯ ಕಲಮುಗಳು ಗುರುತಿಸಿದ ದೋಷ ಗಲಭೆಯ ಗಾತ್ರವನ್ನು ಅವಲಂಬಿಸಿಲ್ಲ. ಗಲಭೆ ನಡೆಯದಿದ್ದರೂ ನವೀಕರಿಸಿದ ಪತ್ರ ತನ್ನ ಹಿಂದಿನ ಲೆಕ್ಕವನ್ನು ಮುಚ್ಚಿಡುತ್ತಲೇ ಇತ್ತು. ಕಾಯ್ದೆಯಿಂದ ಸಾಲ ಹುಟ್ಟುವುದು ಕಷ್ಟವಾಯಿತು, ಸಾಹುಕಾರರು ಅಡಮಾನದ ಬದಲು ಕ್ರಯಪತ್ರ ಬರೆಸಿಕೊಳ್ಳತೊಡಗಿದರು ಎಂಬ ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಅದರಲ್ಲಿ ನಿಜವಿದೆ, ಆ ಬೆಲೆಯನ್ನು ತೆತ್ತವನೂ ರೈತನೇ. ಆದರೆ ಲೆಕ್ಕ ತೋರಿಸಬೇಕಾಗಿ ಬಂದ ಕೂಡಲೇ ದಸ್ತಾವೇಜಿನ ರೂಪವನ್ನೇ ಬದಲಿಸಿದ್ದು, ಹಿಂದಿನ ವ್ಯವಹಾರ ಎಷ್ಟರಮಟ್ಟಿಗೆ ಲೆಕ್ಕ ಕೇಳದ ಕೋರ್ಟನ್ನು ನೆಚ್ಚಿಕೊಂಡಿತ್ತು ಎಂಬುದಕ್ಕೂ ಸಾಕ್ಷಿ. ಬೇಕೆಂದೇ ತಲೆತಪ್ಪಿಸಿಕೊಳ್ಳುವ ಸಾಲಗಾರನಿಗಾಗಿ ನ್ಯಾಯವಾದ ಸಾಲಿಗ ಯಾಕೆ ಕಾಯಬೇಕು ಎಂದೂ ಕೇಳುತ್ತಾರೆ. ಕಾಯಬೇಕಾಗಿಲ್ಲ. ವಾದಿಯಿಂದ ಲೆಕ್ಕ ಕೇಳುವುದಕ್ಕೆ ಪ್ರತಿವಾದಿಯ ಹಾಜರಿ ಬೇಕಿಲ್ಲ. ಅಸಲೆಷ್ಟು, ಬಡ್ಡಿ ಯಾವ ದರದಲ್ಲಿ, ಬಂದ ಕಂತುಗಳನ್ನು ಎಲ್ಲಿ ಜಮೆ ಮಾಡಲಾಗಿದೆ ಎಂಬ ಪ್ರಶ್ನೆಗಳಿಗೆ ಉತ್ತರ ವಾದಿಯ ಖಾತೆಪುಸ್ತಕದಲ್ಲೇ ಇರುತ್ತದೆ.

ಮುಂದಿನ ಕಾನೂನು ತನ್ನ ಗಮನವನ್ನು ಡಿಕ್ರಿಯಾದ ಮೇಲಿನ ಪರಿಹಾರದ ಕಡೆಗೆ ಹರಿಸಿತು. ಆ ಪರಿಹಾರವೂ ಕಿರಿದಾಯಿತು. 1859ರ ಸಂಹಿತೆಯ 119ನೆಯ ಕಲಮಿನಲ್ಲಿ ಡಿಕ್ರಿ ರದ್ದತಿಗೆ ಅರ್ಜಿ ಹಾಕುವ ಮೂವತ್ತು ದಿನಗಳ ಎಣಿಕೆ ಅಮಲ್ಜಾರಿಯ ಆದೇಶ ಜಾರಿಯಾದಲ್ಲಿಂದ ಶುರುವಾಗುತ್ತಿತ್ತು. ಜಪ್ತಿಗೆ ಅಮೀನ ಬಂದಾಗಲೇ ವಿಷಯ ತಿಳಿಯುವ ರೈತನಿಗೆ ಇದು ನಿಜವಾದ ಆಸರೆ. 1908ರ ಕಾಲಮಿತಿ ಕಾಯ್ದೆ ಎಣಿಕೆಯನ್ನು ಡಿಕ್ರಿಯ ದಿನಕ್ಕೆ ತಂದು, ಸಮನ್ಸ್ ಸರಿಯಾಗಿ ಜಾರಿಯಾಗದಿದ್ದರೆ ಮಾತ್ರ ಡಿಕ್ರಿಯ ವಿಷಯ ತಿಳಿದ ದಿನದಿಂದ ಎಂದಿತು. ಈಗಿನ ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೆಯ ಆದೇಶದ 13ನೆಯ ನಿಯಮಕ್ಕೆ 1976ರಲ್ಲಿ ಸೇರಿದ ಪರಂತುಕದಂತೆ, ಪ್ರತಿವಾದಿಗೆ ವಿಚಾರಣೆಯ ದಿನ ಗೊತ್ತಿದ್ದು ಬರಲು ಸಮಯವೂ ಇದ್ದರೆ, ಸಮನ್ಸ್ ಜಾರಿಯ ಲೋಪವೊಂದೇ ರದ್ದತಿಗೆ ಕಾರಣವಾಗದು. ಡಿಕ್ರಿಯ ದಿನ ಕೋರ್ಟು ಏನು ಮಾಡಬೇಕೆಂಬ ಪ್ರಶ್ನೆಗೆ ಉತ್ತರ ಸರ್ವೋಚ್ಚ ನ್ಯಾಯಾಲಯದಿಂದ ಬಂತು. ಏಕಪಕ್ಷೀಯ ವಿಚಾರಣೆ ಶಿಕ್ಷೆಯಲ್ಲ, ಪ್ರತಿವಾದಿ ಮುಂದಿನ ಹಂತದಲ್ಲಿ ಬಂದು ಸೇರಿಕೊಳ್ಳಬಹುದು ಎಂದು ಸಂಗ್ರಾಮ್ ಸಿಂಗ್ ಪ್ರಕರಣದಲ್ಲಿ 1955ರಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸ್ ಬರೆದರು. ಲಿಖಿತ ಹೇಳಿಕೆ ಬಂದಿಲ್ಲವೆಂಬ ಒಂದೇ ಕಾರಣಕ್ಕೆ ಕಣ್ಣುಮುಚ್ಚಿ ತೀರ್ಪು ಕೊಡಲಾಗದು ಎಂದು ಬಲರಾಜ್ ತನೇಜಾ ಪ್ರಕರಣ 1999ರಲ್ಲಿ ಸ್ಪಷ್ಟಪಡಿಸಿತು. ಅದು ಆಸ್ತಿ ಮಾರಾಟದ ಕರಾರಿನ ದಾವೆಯಾದರೂ ತತ್ತ್ವ ಸಾಲಕ್ಕೂ ಸಲ್ಲುತ್ತದೆ. ಆದರೆ 37ನೆಯ ಆದೇಶದ ಸಂಕ್ಷಿಪ್ತ ದಾವೆಗಳು ಈ ತತ್ತ್ವದ ಆಚೆ ಉಳಿದಿವೆ. ಹುಂಡಿ, ಪ್ರಾಮಿಸರಿ ನೋಟು, ಲಿಖಿತ ಕರಾರಿನ ನಿಗದಿತ ಮೊತ್ತಗಳ ಈ ದಾರಿಯಲ್ಲಿ ಹತ್ತು ದಿನಗಳೊಳಗೆ ಹಾಜರಿ ದಾಖಲಿಸದಿದ್ದರೆ ವಾದಪತ್ರದ ಮಾತುಗಳನ್ನು ಒಪ್ಪಿದಂತೆಯೇ ಎಂದು ನಿಯಮವೇ ಹೇಳುತ್ತದೆ. ಡಿಕ್ರಿ ರದ್ದಾಗಲು ‘ವಿಶೇಷ ಸಂದರ್ಭ’ ತೋರಿಸಬೇಕು. ಇದು 9ನೆಯ ಆದೇಶ ಕೇಳುವ ‘ಸಾಕಷ್ಟು ಕಾರಣ’ಕ್ಕಿಂತ ಕಠಿಣವೆಂದು 2003ರ ರಜನಿ ಕುಮಾರ್ ತೀರ್ಪು ಹೇಳಿತು. ವರ್ತಕರು ಪರಸ್ಪರ ಬರೆದುಕೊಂಡ ಹುಂಡಿಗೆ ಈ ವೇಗ ಒಪ್ಪುತ್ತದೆ. ಓದಲು ಬಾರದ ಸಾಲಗಾರ ಸಹಿ ಹಾಕಿಕೊಟ್ಟ ನೋಟಿಗೂ ಅದೇ ನಿಯಮ ಅನ್ವಯಿಸುವಾಗ, ಅಸಲು ಬಡ್ಡಿಗಳನ್ನು ಬೇರ್ಪಡಿಸಿದ ಲೆಕ್ಕವನ್ನು ವಾದಿ ಪ್ರಮಾಣಪತ್ರದೊಂದಿಗೆ ಹಾಜರುಪಡಿಸಬೇಕೆಂಬ ಷರತ್ತನ್ನು 37ನೆಯ ಆದೇಶಕ್ಕೆ ಸೇರಿಸಲು ಅಡ್ಡಿಯೇನೂ ಕಾಣುವುದಿಲ್ಲ.