ಧಾತು ಅದೇ, ಎಂಜಿನ್ ಬೇರೆ

ಚೇತಕ್, ಚೀತಾ, ಚೇತನ್, ಚೀತಲ್. ಬೇಗಬೇಗ ನಾಲ್ಕು ಸಲ ಹೇಳಿದರೆ ನಾಲಗೆ ತೊಡರುತ್ತದೆ. ನಾಲ್ಕೂ ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಹೆಲಿಕಾಪ್ಟರುಗಳ ಹೆಸರು. ಮೊದಲೆರಡು ಹಳೆಯವು. ಕೊನೆಯೆರಡು ಅವುಗಳದೇ ಮರುಜನ್ಮ: ಚೇತಕ್‌ನ ಹಳೆಯ ಎಂಜಿನ್ ಇಳಿಸಿ ಹೊಸದನ್ನು ಕೂರಿಸಿದಾಗ ಚೇತನ್ ಆಯಿತು, ಚೀತಾಗೆ ಹಾಗೇ ಮಾಡಿದಾಗ ಚೀತಲ್ ಆಯಿತು. ಹೆಸರಿಟ್ಟವರು ಪ್ರಾಸದ ಆಸೆಗೆ ಬಿದ್ದಿದ್ದಾರೆ ಎಂದಷ್ಟೇ ಬಹುಕಾಲ ಅಂದುಕೊಂಡಿದ್ದೆ. ಒಂದು ಸಂಜೆ ನಿಘಂಟು ತೆರೆದು ಕೂತಾಗ ನಾಲ್ಕು ಹೆಸರುಗಳೂ ಒಂದೇ ಬುಡಕ್ಕೆ ಹೋಗಿ ನಿಂತವು. ಆ ಬುಡ ‘ಚಿತ್’.

ಯಂತ್ರಗಳ ಕತೆಯನ್ನು ಮೊದಲು ಹೇಳಿಬಿಡುತ್ತೇನೆ. 1962ರಲ್ಲಿ ಫ್ರಾನ್ಸಿನ ಸೂದ್ ಏವಿಯಾಸಿಯೋಂ ಕಂಪನಿಯ ಜೊತೆ ಒಪ್ಪಂದವಾಗಿ, ಅದರ ಅಲುಎಟ್-3 ಹೆಲಿಕಾಪ್ಟರನ್ನು ಇಲ್ಲಿ ಕಟ್ಟುವ ಪರವಾನಗಿ ಸಿಕ್ಕಿತು. 1965ರಲ್ಲಿ ಅದು ಬೆಂಗಳೂರಿನಿಂದ ಹೊರಬಂತು. ಅಲುಎಟ್ ಎಂದರೆ ಫ್ರೆಂಚರಿಗೆ ಹಾಡುತ್ತ ಆಕಾಶಕ್ಕೇರುವ ಒಂದು ಪುಟ್ಟ ಹಕ್ಕಿ. ನಮ್ಮವರು ಹಕ್ಕಿಯನ್ನು ಬಿಟ್ಟು ಕುದುರೆಯನ್ನು ಹಿಡಿದರು. 1576ರ ಹಲ್ದಿಘಾಟಿ ಕಾಳಗದಲ್ಲಿ ರಾಣಾ ಪ್ರತಾಪನನ್ನು ಹೊತ್ತ ಕುದುರೆಯ ಹೆಸರನ್ನು ಇಟ್ಟರು. ಚೀತಾ ಹುಟ್ಟಿದ್ದೇ ಬೆಸುಗೆಯಿಂದ. ಹಿಮಾಲಯದ ತೆಳುಗಾಳಿಯಲ್ಲಿ ಹಾರಬಲ್ಲ ಹೆಲಿಕಾಪ್ಟರ್ ಬೇಕೆಂದು ಭಾರತ ಕೇಳಿದಾಗ, ಫ್ರೆಂಚರು ಅಲುಎಟ್-2ರ ಹಗುರ ಮೈಗೆ ಅಲುಎಟ್-3ರ ಎಂಜಿನ್ನು, ರೋಟರುಗಳನ್ನು ಜೋಡಿಸಿದರು. ಅವರಿಗೆ ಅದು ಲಾಮಾ, ನಮಗೆ ಚೀತಾ. 1972ರ ಜೂನ್ 21ರಂದು ಜಾನ್ ಬುಲೆ ಎಂಬ ಪೈಲಟ್ ಲಾಮಾವನ್ನು 12,442 ಮೀಟರ್ ಎತ್ತರಕ್ಕೆ ಒಯ್ದ. ಅಷ್ಟೆತ್ತರದಲ್ಲಿ ಎಂಜಿನ್ ಆರಿಹೋಯಿತು. ರೋಟರ್ ಗಾಳಿಗೇ ತಿರುಗುತ್ತಿರಲು ಆತ ಕೆಳಗಿನವರೆಗೂ ಹಾಗೇ ತೇಲಿ ಇಳಿದ. ಸಿಯಾಚಿನ್ನಿನ ಕಾವಲುನೆಲೆಗಳಿಗೆ ಸೀಮೆಎಣ್ಣೆ, ಔಷಧಿ ಹೊತ್ತು ಹೋಗಿ ಗಾಯಾಳುಗಳನ್ನು ಕೆಳಗಿಳಿಸಿದ್ದು ಇದೇ ಜಾತಿಯ ಚೀತಾ.

ಈಗ ಪದಕ್ಕೆ ಬರೋಣ. ಪಾಣಿನಿ ಪರಂಪರೆಯ ಧಾತುಪಾಠದಲ್ಲಿ ‘ಚಿತೀ ಸಂಜ್ಞಾನೇ’ ಎಂದಿದೆ. ಗಮನಕ್ಕೆ ಬರು, ಅರಿ, ಎಚ್ಚರದಿಂದಿರು ಎಂಬ ಅರ್ಥದ ಧಾತು. ಇದರಿಂದ ಚಿತ್ತ, ಚೇತನ, ಚೇತರಿಕೆ. ಕಾಯಿಲೆ ಬಿದ್ದವನು ‘ಚೇತರಿಸಿಕೊಂಡ’ ಎನ್ನುವಾಗ ನಾವು ಪಾಣಿನಿಗಿಂತ ಹಳೆಯ ಧಾತುವನ್ನೇ ಬಾಯಲ್ಲಿ ಆಡಿಸುತ್ತಿರುತ್ತೇವೆ. ಚಿತ್‌ನ ಇಕಾರ ಏಕಾರವಾಗಿ, ಮುಂದೆ ‘ಅಕ’ ಸೇರಿದರೆ ಚೇತಕ. ಬುಧ್ ಬೋಧಕ ಆದ ಹಾಗೆ. ‘ಅನ’ ಸೇರಿದರೆ ಚೇತನ. ಚೇತಕ್ ಹೋಗಿ ಚೇತನ್ ಆದಾಗ ಬದಲಾದದ್ದು ಪ್ರತ್ಯಯ ಮಾತ್ರ. ಕಾರ್ಖಾನೆಯಲ್ಲಿ ನಡೆದದ್ದೂ ಅದೇ ಕೆಲಸ: ಆರ್ಟೂಸ್ಟ್ ಎಂಬ ಹಳೆಯ ಎಂಜಿನ್ ಬಿಚ್ಚಿ ಟಿಎಂ-333 ಎಂಬ ಹೊಸದನ್ನು ಜೋಡಿಸಿದರು, ಮೈಯನ್ನು ಉಳಿಸಿಕೊಂಡರು. ಸಂಸ್ಕೃತದಲ್ಲಿ ‘ಧಾತು’ ಎಂದರೆ ಪದದ ಬೇರೂ ಹೌದು, ಲೋಹವೂ ಹೌದು. ವೈಯಾಕರಣನೂ ಮೆಕ್ಯಾನಿಕ್ಕನೂ ಇಲ್ಲಿ ಒಂದೇ ಮಾತನ್ನು ಹೇಳಬಹುದು: ಧಾತು ಗಟ್ಟಿಯಿದೆ, ಮುಂದಿನದನ್ನು ಬದಲಿಸಿ.

(ತಕಾರ ಜಾರಿ ಟಕಾರವಾದರೆ ಬೇರೆಯೇ ಕತೆ. ‘ಚೇಟಕ’ ಎಂದರೆ ಆಳು. ಹಳೆಯ ನಾಟಕಗಳ ಚೇಟಿ ಇದರ ಹೆಣ್ಣುರೂಪ. ಅರವತ್ತು ವರ್ಷ ಸೇನೆಯ ಚಾಕರಿ ಮಾಡಿದ ಹೆಲಿಕಾಪ್ಟರಿಗೆ ಆ ಅರ್ಥವೂ ಒಪ್ಪುತ್ತದೆ, ಆದರೆ ಹಾಗೆಂದು ಹೇಳುವ ಧೈರ್ಯ ನನಗಿಲ್ಲ. ನಮ್ಮ ಮನೆಗಳ ಮುಂದೆ ನಿಂತಿರುತ್ತಿದ್ದ ಚೇತಕ್ ಸ್ಕೂಟರ್ 1972ರದು. ಅದೂ ಈಗ ಪೆಟ್ರೋಲ್ ಬಿಟ್ಟು ಬ್ಯಾಟರಿ ಹಿಡಿದಿದೆ. ಅದಕ್ಕೆ ಹೆಸರು ಬದಲಿಸುವ ಮನಸ್ಸು ಯಾರಿಗೂ ಬರಲಿಲ್ಲ.)

ಚೀತಾದ ದಾರಿ ಇನ್ನೂ ಸೊಗಸು. ಗಮನ ಸೆಳೆಯುವುದು, ಹೊಳೆಯುವುದು, ಬಣ್ಣಬಣ್ಣದ್ದು ಯಾವುದೋ ಅದು ‘ಚಿತ್ರ’. ಉಣಾದಿ ಸೂತ್ರ ಹಿಡಿದವರು ಇದನ್ನು ‘ಚಿ’, ಅಂದರೆ ಕೂಡಿಸು, ಎಂಬ ಧಾತುವಿನಿಂದ ಸಾಧಿಸುತ್ತಾರೆ. ಈಚಿನ ನಿಘಂಟುಕಾರರು ಚಿತ್ ಕಡೆಗೇ ವಾಲುತ್ತಾರೆ, ನಾನೂ ಅವರ ಪಕ್ಷ. ಕಣ್ಣಿಗೆ ಬಿದ್ದದ್ದರಿಂದಲೇ ಅದು ಚಿತ್ರ. ಆಕಾಶದಲ್ಲಿ ಎದ್ದು ಕಾಣುವ ನಕ್ಷತ್ರ ಚಿತ್ರಾ, ಆ ನಕ್ಷತ್ರದ ಬಳಿ ಹುಣ್ಣಿಮೆ ಬೀಳುವ ತಿಂಗಳು ಚೈತ್ರ. ಅದೇ ಹೆಸರು ರೈತರ ಬಾಯಲ್ಲಿ ಚಿತ್ತೆ ಮಳೆ. ಎಲ್ಲೆಲ್ಲೋ ಎರಚಿ ಹೋಗುವುದರಿಂದ ಕುರುಡು ಚಿತ್ತೆ. ಮೈಮೇಲೆ ಚುಕ್ಕೆಯಿರುವ ಪ್ರಾಣಿ ಚಿತ್ರಕ.

ಈ ಚಿತ್ರಕ ಪ್ರಾಕೃತದ ಬಾಯಿಗೆ ಬಿದ್ದಾಗ ‘ತ್ರ’ ಕರಗಿ ‘ತ್ತ’ ಆಯಿತು. ಅಲ್ಲಿಂದ ದಾರಿ ಕವಲೊಡೆಯಿತು. ಉತ್ತರದವರಿಗೆ ಒತ್ತಕ್ಷರ ಭಾರ. ಒತ್ತನ್ನು ಇಳಿಸಿ, ಅದರ ತೂಕವನ್ನು ಹಿಂದಿನ ಸ್ವರದ ಮೇಲೆ ಹೇರುತ್ತಾರೆ. ಸಪ್ತ ಸತ್ತವಾಗಿ ಸಾತ್, ಹಸ್ತ ಹತ್ಥವಾಗಿ ಹಾಥ್. ಹಾಗೆಯೇ ಚಿತ್ತಕ್ಕೆ ದೀರ್ಘ ಬಂದು ಚೀತಾ. ‘ಲ’ ಸೇರಿ ಚುಕ್ಕೆಯುಳ್ಳದ್ದು ಎಂಬ ಅರ್ಥ ಕೊಡುವ ಚಿತ್ರಲ ಅದೇ ದಾರಿಯಲ್ಲಿ ನಡೆದು ಚೀತಲ್, ನಮ್ಮ ಚುಕ್ಕೆಜಿಂಕೆ, ಆಯಿತು. ಕನ್ನಡಕ್ಕೆ ಒತ್ತಿನ ಭಯವಿಲ್ಲ. ನಾವು ‘ತ್ತ’ವನ್ನು ಹಾಗೇ ಉಳಿಸಿಕೊಂಡು ಚಿತ್ತಾರ ಎಂದೆವು. ಮಲೆನಾಡಿನ ದೀವರ ಮನೆಯ ಗೋಡೆ ಮೇಲಿನ ಹಸೆ ಚಿತ್ತಾರವೂ ಸಿಯಾಚಿನ್ನಿನ ಚೀತಾವೂ ಹೀಗೆ ದಾಯಾದಿಗಳು.

ಬೇಟೆಯಾಡುವುದೂ ಬೇಟೆಯಾಗುವುದೂ ಒಂದೇ ಪದದ ಮಕ್ಕಳು ಎಂಬುದು ಇದರಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ. ಎರಡಕ್ಕೂ ಹೆಸರು ಕೊಟ್ಟದ್ದು ಮೈಮೇಲಿನ ಚುಕ್ಕೆ, ಹಲ್ಲಲ್ಲ. ಚೀತಾ ಎಂಬ ಪದ ಹಿಂದಿಯಿಂದ ಇಂಗ್ಲಿಷಿಗೆ ಹೋಗಿ ಲೋಕವನ್ನೆಲ್ಲ ಸುತ್ತಿತು. ಅಷ್ಟರಲ್ಲಿ ಭಾರತದ ಕಾಡುಗಳಲ್ಲಿ ಆ ಪ್ರಾಣಿಯೇ ಮುಗಿದು, 1952ರಲ್ಲಿ ಸರ್ಕಾರ ಅದನ್ನು ಅಳಿದುಹೋಯಿತೆಂದು ಘೋಷಿಸಿತು. ಹೆಲಿಕಾಪ್ಟರಿಗೆ ಚೀತಾ ಎಂದು ಹೆಸರಿಟ್ಟಾಗ ದೇಶದಲ್ಲಿ ಕಾಡಿನ ಚೀತಾ ಒಂದೂ ಇರಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ನಮೀಬಿಯಾದಿಂದ ಎಂಟು ಚೀತಾಗಳು ಬಂದವು. ಗ್ವಾಲಿಯರಿನಿಂದ ಕುನೋ ಕಾಡಿಗೆ ಅವು ತಲುಪಿದ್ದು ವಾಯುಪಡೆಯ ಹೆಲಿಕಾಪ್ಟರಿನಲ್ಲಿ.

ಎಚ್‌ಎಎಲ್‌ನ ಉಳಿದ ಹೆಸರುಗಳಲ್ಲಿ ಈ ಕುಸುರಿ ಕಾಣುವುದಿಲ್ಲ. 1992ರಲ್ಲಿ ಮೊದಲು ಹಾರಿದ ಧ್ರುವ್ ಒಂದು ಮಾತ್ರ ಜಾಣ ಹೆಸರು. ಧ್ರುವ ಎಂದರೆ ಕದಲದ್ದು, ಗಾಳಿಯಲ್ಲಿ ಕದಲದೆ ನಿಲ್ಲುವುದೇ ಹೆಲಿಕಾಪ್ಟರಿನ ವಿದ್ಯೆ. ಅದಕ್ಕೆ ಆಯುಧ ತೊಡಿಸಿ ರುದ್ರ ಎಂದರು. ದಾಳಿ ಹೆಲಿಕಾಪ್ಟರ್ ಎಲ್‌ಸಿಎಚ್ 2010ರಲ್ಲಿ ಹಾರಿದರೂ, ಪ್ರಚಂಡ್ ಎಂಬ ಹೆಸರು ಸಿಕ್ಕಿದ್ದು 2022ರ ಅಕ್ಟೋಬರಿನಲ್ಲಿ, ಜೋಧಪುರದಲ್ಲಿ ಸೇವೆಗೆ ಸೇರಿದಾಗ. ಹನ್ನೆರಡು ವರ್ಷ ಅದು ಬರೀ ಇನಿಷಿಯಲ್ಲುಗಳಲ್ಲಿ ಬದುಕಿತ್ತು. 2025ರಲ್ಲಿ ರಕ್ಷಣಾ ಸಚಿವಾಲಯ 156 ಪ್ರಚಂಡ್‌ಗಳಿಗೆ ಬೇಡಿಕೆ ಕೊಟ್ಟಿತು.

ಚೇತಕ್, ಚೀತಾಗಳ ಜಾಗಕ್ಕೆಂದು ಮಾಡಿದ ಹಗುರ ಹೆಲಿಕಾಪ್ಟರ್ 2016ರ ಸೆಪ್ಟೆಂಬರ್ 6ರಂದು ಬೆಂಗಳೂರಿನಲ್ಲಿ ಮೊದಲು ಹಾರಿತು. ಕಾಗದದ ಮೇಲೆ ಅದು ಎಲ್‌ಯುಎಚ್. ಅದನ್ನು ಕಟ್ಟಲೆಂದೇ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ 615 ಎಕರೆಯ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಶುರುವಾಯಿತು. ಮೊದಲು ವರ್ಷಕ್ಕೆ 30, ಮುಂದೆ 60, ಆಮೇಲೆ 90 ಎಂಬುದು ಲೆಕ್ಕಾಚಾರ. ಇದು ಹಳೆಯ ಮೈಗೆ ಹೊಸ ಎಂಜಿನ್ ಹಾಕಿದ್ದಲ್ಲ, ಮೈಯೂ ಹೊಸದು. ಹಾಗಿರುವಾಗ ಚಿತ್ ಧಾತುವಿಗೆ ಐದನೆಯ ಪ್ರತ್ಯಯ ಹುಡುಕುವುದು ಸರಿಯಲ್ಲ, ಪದದ ಬೇರೂ ಬೇರೆಯಾಗಬೇಕು. ಚೀತಾ ಎಂಬ ಮೃಗಕ್ಕೆ ಕನ್ನಡದಲ್ಲಿ ಮೊದಲಿನಿಂದಲೂ ಸ್ವಂತದ್ದೊಂದು ಹೆಸರಿದೆ, ಸಿವಂಗಿ. ಹೆಸರಿಡುವ ಸಮಿತಿಯವರು ಗುಬ್ಬಿ ಕಡೆ ಬಂದಾಗ ಈ ಪದವನ್ನೊಮ್ಮೆ ಗಟ್ಟಿಯಾಗಿ ಹೇಳಿ ನೋಡಲಿ.