ಮಡಕೆಯೊಳಗಿನ ಕರಿಮರಳು

ನಮ್ಮೂರು ಮರಳೂರು. ಹೆಸರಲ್ಲೇ ಮರಳಿದೆಯಲ್ಲ, ಅದಕ್ಕೇ ಏನೋ ಮರಳಿನ ಕಥೆ ಅಂದರೆ ನನ್ನ ಕಿವಿ ನೆಟ್ಟಗಾಗುತ್ತೆ. ಇವತ್ತಿನದು ಇಟಲಿಯ ಮರಳಿನ ಕಥೆ. ಜೊತೆಗೆ ಒಂದಿಷ್ಟು ವೈನೂ ಇದೆ, ಗಾಬರಿಯಾಗಬೇಡಿ :)

ಇಟಲಿಯ ನೇಪಲ್ಸ್ ಪಕ್ಕದಲ್ಲಿ ವೆಸುವಿಯಸ್ ಎಂಬ ಜ್ವಾಲಾಮುಖಿ ಇದೆ. ಅದರ ಇಳಿಜಾರಿನಲ್ಲಿ ಎರಡು ಸಾವಿರ ವರ್ಷದ ಹಿಂದೆಯೂ ದ್ರಾಕ್ಷಿ ತೋಟಗಳಿದ್ದವು, ಈಗಲೂ ಇವೆ. ಪಿಯೆದಿರೊಸ್ಸೊ ಎಂಬ ಕಪ್ಪು ದ್ರಾಕ್ಷಿಯಿಂದ ಈಗ ಅಲ್ಲಿ ಮಾಡುವ ಕೆಂಪು ವೈನಿಗೆ 'ಲಾಕ್ರಿಮಾ ಕ್ರಿಸ್ತಿ', ಅಂದರೆ ಕ್ರಿಸ್ತನ ಕಣ್ಣೀರು ಎಂದು ಹೆಸರು. ಪೊಂಪೈ ಊರಿನ ಮನೆಯೊಂದರಲ್ಲಿ ಸಿಕ್ಕ ಗೋಡೆಚಿತ್ರದಲ್ಲಿ ಬೆಟ್ಟದ ತಪ್ಪಲ ತುಂಬ ಬಳ್ಳಿಗಳು. ಪಕ್ಕದಲ್ಲಿ ಮೈತುಂಬ ದ್ರಾಕ್ಷಿಯನ್ನೇ ತೊಟ್ಟು ನಿಂತ ಮದ್ಯದ ದೇವರು ಬಾಕಸ್.

ಆ ಸೀಮೆಯ ವೈನು ನಮ್ಮ ದಕ್ಷಿಣ ಭಾರತಕ್ಕೂ ಬರುತ್ತಿತ್ತು. ಹೇಗೆ ಗೊತ್ತಾಯಿತು ಅಂತೀರಾ? 1945ರಲ್ಲಿ ಮಾರ್ಟಿಮರ್ ವೀಲರ್ ಪುದುಚೇರಿ ಹತ್ತಿರದ ಅರಿಕಮೇಡಿನಲ್ಲಿ ಅಗೆದಾಗ ಆಂಫೊರಾ ಎಂಬ ಎರಡು ಹಿಡಿಯ ಮಡಕೆಗಳ ಚೂರುಗಳು ಸಿಕ್ಕವು. ಆಮೇಲೆ ಕೇರಳದ ಪಟ್ಟಣಂನಲ್ಲೂ ಸಿಕ್ಕವು. ಕೆಲವು ಗ್ರೀಸಿನ ಕಾಸ್ ದ್ವೀಪದವು. ಆದರೆ ಇನ್ನು ಕೆಲವದರ ಜೇಡಿಯಲ್ಲಿ ಮಿನುಗುವ ಕರಿಮರಳು! ಅದು ವೆಸುವಿಯಸ್ ಸುತ್ತಿನ ಜ್ವಾಲಾಮುಖಿಯ ಮರಳು. ಒಳಗಿದ್ದದ್ದು ಕೆಂಪೋ ಬಿಳಿಯೋ ಮರಳು ಹೇಳುವುದಿಲ್ಲ. ಊರು ಮಾತ್ರ ಹೇಳಿಬಿಡುತ್ತೆ.

ಯವನರು ತಂದ ಪರಿಮಳದ ಮದ್ಯದ ಮಾತು ತಮಿಳಿನ 'ಪುರನಾನೂರು' ಸಂಕಲನದಲ್ಲೂ ಬರುತ್ತೆ. ಇಲ್ಲಿಂದ ಹೋಗುತ್ತಿದ್ದದ್ದು ಮೆಣಸು, ಮುತ್ತು, ಬಟ್ಟೆ. ಸಾಲದ್ದಕ್ಕೆ ಚಿನ್ನ ಬೆಳ್ಳಿ ಕೊಡಬೇಕಾಗುತ್ತಿತ್ತು. ಭಾರತ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ನುಂಗುತ್ತಿದೆ ಎಂದು ರೋಮಿನ ಪ್ಲಿನಿ ಗೊಣಗಿದ್ದಾನೆ. ಪಾಪ, ಕ್ರಿ.ಶ. 79ರಲ್ಲಿ ಅದೇ ವೆಸುವಿಯಸ್ ಸಿಡಿದಾಗ ಸತ್ತವರಲ್ಲಿ ಅವನೂ ಒಬ್ಬ. ಅಂದು ಬೂದಿಯಲ್ಲಿ ಹೂತುಹೋದ ಪೊಂಪೈಯಲ್ಲಿ 1938ರಲ್ಲಿ ಒಂದು ದಂತದ ಗೊಂಬೆ ಸಿಕ್ಕಿತು. ಅದು ಭಾರತದ್ದು!

ಆ ಬೆಳ್ಳಿ ನಮ್ಮ ಒಳನಾಡಿಗೂ ಬಂದಿತ್ತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗಸ್ಟಸ್, ಟೈಬೀರಿಯಸ್ ದೊರೆಗಳ ನಾಣ್ಯ ಸಿಕ್ಕಿವೆ. ತುಮಕೂರಿನಿಂದ ರೈಲಿನಲ್ಲಿ ಹೋಗುವ ನಮಗೆ ಯಶವಂತಪುರ ಅಂದರೆ ಇಳಿಯುವ ಗಡಿಬಿಡಿ ಅಷ್ಟೆ. 1891ರಲ್ಲಿ ಅಲ್ಲೇ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದ್ದವು.

ನಾಣ್ಯ ಸಿಕ್ಕರೆ ಯಾರೂ ಬಿಸಾಡುವುದಿಲ್ಲ. ಆದರೆ ಅದು ಹೇಳುವುದು ರಾಜನ ಹೆಸರನ್ನು, ಹೆಚ್ಚೆಂದರೆ ಕಾಲವನ್ನು. ದ್ರಾಕ್ಷಿ ಬೆಳೆದ ಸೀಮೆಯನ್ನು, ಮಡಕೆ ಮಾಡಿದವನ ಮಣ್ಣನ್ನು ಹೇಳಿದ್ದು ಮಾತ್ರ ಬೋಕಿ ಚೂರು. ನಮ್ಮ ಕಡೆ ರಾಗಿ ಹೊಲಗಳು ಸೈಟುಗಳಾಗುವಾಗ ಪಾಯದ ಮಣ್ಣಿನ ಜೊತೆ ಬೋಕಿಯೂ ಟ್ರ್ಯಾಕ್ಟರಿಗೆ ತುಂಬಿಕೊಂಡು ಹೋಗುತ್ತೆ. ಅದರೊಳಗೆ ಯಾವ ಊರಿನ ಮರಳಿತ್ತೋ!

ನಿಮ್ಮೂರಲ್ಲಿ ಪಾಯ ತೆಗೆಯುವಾಗ ಬೋಕಿ ಕಂಡರೆ ಎಸೆಯುವ ಮೊದಲು ಒಮ್ಮೆ ಬಿಸಿಲಿಗೆ ಹಿಡಿದು ನೋಡಿ, ಆಯ್ತಾ?